ಇಪ್ಪತ್ತಮೂರು ದಿನದ ನೋಟಿಸು

ಎರಡು ವರ್ಷ ನಾನು ಅವರನ್ನು ಡಾಕ್ಟರು ಎಂದೇ ತಿಳಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಅವರ ಕಿವಿಗೆ ಫೋನು ಅಂಟಿಕೊಂಡಿರುತ್ತಿತ್ತು. "ಗಾಬರಿ ಆಗ್ಬೇಡಿ, ನಿಧಾನಕ್ಕೆ ಉಸಿರಾಡಿ, ಕೆಳಗೆ ಕೂತ್ಕೊಳ್ಳಿ. ಜೊತೇಲಿ ಯಾರಿದಾರೆ? ಈಗಲೇ ಕಳಿಸ್ತೀನಿ" ಎನ್ನುತ್ತ ಇಳಿದು ಹೋಗುತ್ತಿದ್ದರು. ಇಷ್ಟು ಕೇಳಿದ ಮೇಲೂ ಅನುಮಾನಪಡಲು ನಾನೇನು ಪತ್ತೇದಾರನೇ? ಸಿಕ್ಕಾಗಲೆಲ್ಲ ನನ್ನ ಸೊಂಟನೋವಿನ ವರದಿ ಒಪ್ಪಿಸುತ್ತಿದ್ದೆ. ಅವರೂ ಕೇಳಿಸಿಕೊಂಡು, "ಹಾಗಾದ್ರೆ ಜಾಸ್ತಿ ಅಲ್ಲಾಡ್ಬೇಡಿ" ಅನ್ನುತ್ತಿದ್ದರು. ಡಾಕ್ಟರ ಮಾತು ಮೀರಬಾರದೆಂದು ನಾನು ಮನೆಯ ಯಾವ ಕೆಲಸಕ್ಕೂ ಅಲ್ಲಾಡಲಿಲ್ಲ. ಕೊನೆಗೊಂದು ದಿನ ಎಕ್ಸ್‌-ರೇ ಹಿಡಿದುಕೊಂಡು ಮೂರನೇ ಮಹಡಿಯ ಅವರ ಮನೆಗೇ ಹೋದೆ. ಬಾಗಿಲು ತೆಗೆದ ಅವರ ಅತ್ತೆ ಎಕ್ಸ್‌-ರೇಯನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು.

"ನಮ್ಮ ಸೊಸೆ ಇರೋದು ಲಿಫ್ಟ್ ಕಂಪನೀಲಿ. ನಿಮ್ಮ ಸೊಂಟದಲ್ಲಿ ಲಿಫ್ಟ್ ಇದ್ಯಾ?"

ಆವತ್ತಿನಿಂದ ನನಗೂ ಅವರು, ಅವರ ಕಂಪನಿಯ ಮೆಕ್ಯಾನಿಕ್ಕುಗಳಿಗೆ ಆಗಿದ್ದಂತೆ, ಲಿಫ್ಟಕ್ಕ ಆದರು. ಕಂಪನಿ ಅಂದರೆ ಟೈರ್ ಅಂಗಡಿಯ ಹಿಂದಿನ ಒಂದೂವರೆ ಕೋಣೆ. ನಲವತ್ತಾರು ಕಟ್ಟಡಗಳ ಲಿಫ್ಟು ಅವರ ಉಸ್ತುವಾರಿಯಲ್ಲಿ. ಯಾರಾದರೂ ಮಹಡಿಗಳ ನಡುವೆ ಸಿಕ್ಕಿಕೊಂಡರೆ ಮೊದಲ ಫೋನು ಲಿಫ್ಟಕ್ಕನಿಗೆ. ಸಿಕ್ಕಿಕೊಂಡವರು ಲಿಫ್ಟನ್ನು ಬೈಯುವುದಿಲ್ಲ, ಕಿವಿಗೆ ಸಿಕ್ಕಿದವರನ್ನು ಬೈಯುತ್ತಾರೆ. ಆ ಫೋನು ಸಂಜೆ ಇವರ ಜೊತೆ ಮನೆಗೂ ಬರುತ್ತಿತ್ತು. ಊಟದ ತಟ್ಟೆಯ ಪಕ್ಕ, ಬಚ್ಚಲುಮನೆಯ ಕಿಟಕಿಯಲ್ಲಿ ಅದಕ್ಕೊಂದು ಜಾಗವಿತ್ತು. ಹನ್ನೊಂದು ವರ್ಷ ಹೀಗೆ ಕಳೆದ ಮೇಲೆ ಬೀದಿಯಲ್ಲಿ ಸೈಕಲ್ ಬೆಲ್ಲು ಹೊಡೆದರೂ ಅವರ ಕೈ ನಡುಗತೊಡಗಿತು. ನಿಜವಾದ ಡಾಕ್ಟರೊಬ್ಬರು, "ಮಾತ್ರೆ ಬರೆದು ಕೊಡಬಹುದು. ಆದರೆ ನಿಮಗೆ ಬೇಕಾಗಿರೋದು ಬೇರೆ ಕೆಲಸ" ಎಂದರು.

ಬೇರೆ ಕೆಲಸ ಸಿಕ್ಕಿತು ಕೂಡ. ಅದೂ ಎಂಥದ್ದು? ಶಾಲೆಯೊಂದರ ಗ್ರಂಥಾಲಯದಲ್ಲಿ. ಅಲ್ಲಿ ಫೋನು ತರುವಂತೆಯೇ ಇಲ್ಲ. ಪತ್ರ ಕೈಸೇರಿದ್ದು ತಿಂಗಳ ಮೂರನೇ ತಾರೀಕು. ಮುಂದಿನ ತಿಂಗಳ ಒಂದನೇ ತಾರೀಕಿಗೆ ಸೇರಲೇಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದು ಮುಖ್ಯೋಪಾಧ್ಯಾಯಿನಿ ನಗುತ್ತಲೇ ಹೇಳಿದ್ದರಂತೆ. ಹೊಸ ಕೆಲಸದ ಗಂಟು ಬಿಚ್ಚಿತು, ಹಳೆಯದರದ್ದು ಬಿಗಿಯಿತು. ಕಂಪನಿಗೆ ಎಷ್ಟು ದಿನದ ನೋಟಿಸು ಕೊಡುವುದು?

ಮನೆಯಲ್ಲಿ ಸಭೆ ಸೇರಿತು. ಎಕ್ಸ್‌-ರೇ ಪ್ರಸಂಗದ ನಂತರ ಆ ಮನೆಯಲ್ಲಿ ನನಗೊಂದು ಕುರ್ಚಿ ಖಾಯಂ ಆಗಿತ್ತು.

"ನೋಟಿಸೇನು ಮಣ್ಣು! ನಾಳೆ ಫೋನ್ ಮೇಜಿನ ಮೇಲಿಟ್ಟು ಚಪ್ಪಲಿ ಹಾಕ್ಕೊಂಡು ಬಂದ್ಬಿಡು" ಎಂದರು ಅತ್ತೆ.

ಶಾಲಾ ವ್ಯಾನು ಓಡಿಸುವ ಗಂಡ ತಿರುವಿನಲ್ಲಿ ಮೂರು ಸಲ ಹಾರ್ನು ಹೊಡೆಯುವ ಜಾತಿಯವರು. "ಕಂಪನಿ ಕಾಗದದಲ್ಲಿ ಮೂವತ್ತು ದಿನ ಅಂತಿದೆ. ನಾವು ಅರವತ್ತು ಕೊಡೋಣ. ಮರ್ಯಾದೆ."

"ಅರವತ್ತು ದಿನ ಮರ್ಯಾದೆ ಕೊಟ್ಟು ಆ ಶಾಲೆ ಗೇಟು ಹೊರಗಡೆಯಿಂದ ನೋಡ್ಲಾ?" ಎಂದರು ಲಿಫ್ಟಕ್ಕ.

"ಒಂದಿನಾನೂ ಬೇಡ ಅಂದ್ನಲ್ಲ, ನನ್ ಮಾತು ಯಾರ್ ಕೇಳ್ತೀರ?" ಎಂದರು ಅತ್ತೆ.

"ಆಗಲ್ಲ ಅತ್ತೆ. ನನಗಿಂತ ಮುಂಚೆ ಇದ್ದೋಳು ಹಾಗೇ ಹೋಗಿದ್ದು. ನಾನು ಸೇರಿದ ದಿನವೇ ಒಬ್ಬ ತಾತ ಸಿಕ್ಕಿಹಾಕ್ಕೊಂಡ್ರು. ಮೇಲಿನ ಮೆಷಿನ್ ರೂಮಿನ ಬೀಗದ ಕೈ ಎಲ್ಲಿದೆ ಅಂತ ಒಬ್ಬರಿಗೂ ಗೊತ್ತಿಲ್ಲ. ಕೊನೆಗೆ ನೋಡಿದ್ರೆ ಪಕ್ಕದ ಟೈಲರ್ ಹತ್ರ ಇತ್ತು. ಎರಡು ಗಂಟೆ ಆ ತಾತನ ಜೊತೆ ಫೋನಲ್ಲಿ ಮಾತಾಡಿದೀನಿ. ಅವರ ಮೊಮ್ಮಕ್ಕಳ ಹೆಸರೆಲ್ಲ ನಂಗಿನ್ನೂ ಬಾಯಿಪಾಠ."

ಅತ್ತೆ ತಾವೇ ಎದ್ದು ಎಲ್ಲರಿಗೂ ಕಾಫಿ ಮಾಡಲು ಹೋದರು. ಅದು ಅಪರೂಪದ ಘಟನೆ.

ನಾನು ಸುಮ್ಮನಿರಬಹುದಿತ್ತು. ಮನೆಗೆ ಹೋಗಿ ನಾಲ್ಕು ಪುಟದ ರಾಜೀನಾಮೆ ಬರೆದು ತಂದೆ. "ಭಾರವಾದ ಹೃದಯದಿಂದ" ಎಂದು ಶುರುವಾಗಿ ಮೂರನೇ ಪುಟದಲ್ಲಿ ಮನುಕುಲವನ್ನು ಉದ್ದೇಶಿಸುತ್ತಿತ್ತು. ಲಿಫ್ಟಕ್ಕ ಓದಿದರು. "ಹಿಂದ್ಗಡೆ ಖಾಲಿ ಇದೆಯಲ್ಲ, ಒಳ್ಳೇದಾಯ್ತು" ಎಂದು ನಾಲ್ಕೂ ಹಾಳೆಗಳ ಬೆನ್ನಿನ ಮೇಲೆ ನಲವತ್ತಾರು ಕಟ್ಟಡಗಳ ಪಟ್ಟಿ ಬರೆಯಲು ಕುಳಿತರು.

ಅವರ ಲೆಕ್ಕ ಯಾರ ಲೆಕ್ಕಕ್ಕೂ ಹೊಂದುವಂಥದ್ದಾಗಿರಲಿಲ್ಲ. ಕಣ್ಣಾಸ್ಪತ್ರೆಯ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಬಾಗಿಲನ್ನು ಒಳಗಿನಿಂದ ತಳ್ಳಿದರೆ ಅದು ಕಚ್ಚಿಕೊಳ್ಳುತ್ತದೆ. ಹಳೇ ಬ್ಯಾಂಕಿನ ಕಟ್ಟಡದ ಬೀಗದ ಕೈ ಕಾವಲುಗಾರನ ಹೆಂಡತಿಯ ಸಕ್ಕರೆ ಡಬ್ಬಿಯಲ್ಲಿರುತ್ತದೆ. ಇನ್ನೊಂದು ಕಡೆ ಲಿಫ್ಟು ಸರಿಯಾಗಿಯೇ ಇದೆ, ಹಲ್ಲಿನ ವೈದ್ಯರೊಬ್ಬರು ಗುಂಡಿ ಒತ್ತುವುದನ್ನೇ ಮರೆತು ಒಳಗೆ ನಿಂತು ಫೋನು ಮಾಡುತ್ತಾರೆ. ಇದೆಲ್ಲ ಅವರ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹೊಸಬರನ್ನು ಕರೆದುಕೊಂಡು ಹೋಗಿ ತೋರಿಸಿ ಬರೆದಿಡಲು ದಿನಕ್ಕೆ ಎರಡು ಕಟ್ಟಡ ಆಗುತ್ತದೆ. ಲಿಫ್ಟಿಗೆ ಭಾನುವಾರವಿಲ್ಲ. ಅಲ್ಲಿಗೆ ಇಪ್ಪತ್ತಮೂರು ದಿನ. ಒಂದನೇ ತಾರೀಕಿನಿಂದ ಹಿಂದಕ್ಕೆ ಎಣಿಸಿದರೆ ಎಂಟನೇ ತಾರೀಕು.

ಎಂಟರಂದು ಬೆಳಿಗ್ಗೆ ಎರಡು ಸಾಲಿನ ಪತ್ರ ಹಿಡಿದು ಮ್ಯಾನೇಜರ ಮುಂದೆ ನಿಂತರು. ಆಮೇಲೆ ನಡೆದದ್ದನ್ನು ನನಗೆ ಹೇಳಿದವರು ಆ ಕಂಪನಿಯ ಸ್ಟೋರ್ ನೋಡಿಕೊಳ್ಳುವವರು. ಮೂರು ವರ್ಷದ ಹಿಂದೆ ಅವರು ಕೆಲಸ ಬಿಡುತ್ತೇನೆಂದಾಗ "ಯಾರಾದ್ರೂ ಸಿಗೋವರೆಗೂ ಇರಿ" ಎಂದು ಮ್ಯಾನೇಜರು ಕೇಳಿಕೊಂಡಿದ್ದರು. ಇನ್ನೂ ಯಾರೂ ಸಿಕ್ಕಿಲ್ಲ. ಆಫೀಸಿನಲ್ಲಿ ಎಲ್ಲರೂ ಅವರನ್ನು "ಹೋಗೋರು" ಅಂತಲೇ ಕರೆಯುತ್ತಾರೆ. "ಹೋಗೋರು ಇದಾರಾ?" ಎಂದು ಕೇಳಿದರೆ "ಒಳಗಿದಾರೆ" ಎಂಬ ಉತ್ತರ ಬರುತ್ತದೆ.

ಮ್ಯಾನೇಜರು ಪತ್ರವನ್ನು ಯುದ್ಧದ ಸುದ್ದಿ ಬಂದ ಸೇನಾಪತಿಯಂತೆ ಓದಿದರು.

"ಇಪ್ಪತ್ತಮೂರಾ? ಇದ್ಯಾವ ಲೆಕ್ಕಾನಮ್ಮ? ನಿಯಮ ಮೂವತ್ತು."

"ಒಂಬತ್ತು ದಿನ ರಜೆ ಬಾಕಿ ಇದೆ ಸರ್. ಏಳು ಅದರಲ್ಲಿ ಹಿಡ್ಕೊಳ್ಳಿ. ಎರಡು ನಿಮಗೇ ಬಿಟ್ಟೆ."

"ನೋಡಿ, ಇದು ಒಂದು ಕುಟುಂಬ ಇದ್ದ ಹಾಗೆ. ಯಾರಾದ್ರೂ ಸಿಗೋವರೆಗೂ…"

"ಹೋಗೋರಿಗೂ ಹಿಂಗೇ ಅಂದಿದ್ರಿ."

"ಅವರೇನು, ಖುಷಿಯಾಗೇ ಇದಾರಲ್ಲ!"

"ಯಾರ್ ಹೇಳಿದ್ದು?" ಎಂದು ಸ್ಟೋರಿನ ಒಳಗಿನಿಂದ ಧ್ವನಿ ಬಂತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಇದೇನು ಬ್ರಹ್ಮವಿದ್ಯೆಯಾ ಎನ್ನುವಂತೆ ಮ್ಯಾನೇಜರು ತಾವೇ ಎತ್ತಿಕೊಂಡರು. ಆ ಕಡೆ ಹೆಂಗಸೊಬ್ಬರು ಕಿರುಚುತ್ತಿದ್ದರು. ಮ್ಯಾನೇಜರು ಗತ್ತಿನಿಂದ, "ನೀವು ಹೀಗೆ ಕೂಗಿದ್ರೆ ನನಗೇನೂ ಅರ್ಥ ಆಗಲ್ಲ. ಮೊದಲು ಹೊರಗೆ ಬಂದು ಸಮಾಧಾನವಾಗಿ ಮಾತಾಡಿ" ಎಂದರು.

ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಹೊರಗೆ ಬಂದು ಮಾತಾಡಿ ಎಂದ ಮೊದಲ ಮನುಷ್ಯ ಇವರೇ ಇರಬೇಕು. ಆ ಕಡೆಯಿಂದ ಬಂದ ಮಾತನ್ನು ಹೋಗೋರು ನನಗೆ ಪೂರ್ತಿ ಹೇಳಿದರು, ನಾನು ಬರೆಯುವುದಿಲ್ಲ. ಮ್ಯಾನೇಜರು ಫೋನನ್ನು ಕಾದ ಬಾಣಲೆಯಂತೆ ದಾಟಿಸಿದರು. ಲಿಫ್ಟಕ್ಕ, "ಅಮ್ಮ, ಕಣ್ಣಾಸ್ಪತ್ರೇನಾ? ನಾಲ್ಕನೇ ಮಹಡೀನಾ? ಬಾಗಿಲು ತಳ್ಬೇಡಿ, ನಿಮ್ಮ ಕಡೆಗೆ ಎಳೀರಿ. ಹ್ಞೂಂ, ಇನ್ನೊಂದ್ಸಲ" ಎಂದರು. ಅರ್ಧ ನಿಮಿಷದಲ್ಲಿ ಆ ಕಡೆಯಿಂದ ಅಳುವೂ ನಗುವೂ ಒಟ್ಟಿಗೆ ಕೇಳಿಸಿತು.

ಮ್ಯಾನೇಜರು ಬೆವರು ಒರೆಸಿಕೊಂಡರು. "ಎಳೀಬೇಕು ಅಂತ ಎಲ್ಲಿ ಬರೆದಿದೆ?"

"ಎಲ್ಲೂ ಇಲ್ಲ. ಅದಕ್ಕೇ ಇಪ್ಪತ್ತಮೂರು ದಿನ."

ಮಂಡಿ ಸವೆದು ಏಣಿ ಹತ್ತಲಾರದೆ ಕೂತಿದ್ದ ಹಿರಿಯ ಮೆಕ್ಯಾನಿಕ್ಕೊಬ್ಬರಿದ್ದರು. ಮಧ್ಯಾಹ್ನದೊಳಗೆ ಅವರ ಕುರ್ಚಿ ಲಿಫ್ಟಕ್ಕನ ಪಕ್ಕಕ್ಕೆ ಬಂತು. ಇಬ್ಬರೂ ದಿನಕ್ಕೆ ಎರಡು ಕಟ್ಟಡ ಸುತ್ತಿದರು. ಬೀಗದ ಕೈ ಮುಟ್ಟಿ ನೋಡಿದರು, ಕಾವಲುಗಾರರ ಪರಿಚಯ ಮಾಡಿಕೊಂಡರು, ಸಕ್ಕರೆ ಡಬ್ಬಿಗೂ ನಮಸ್ಕಾರ ಹೇಳಿ ಬಂದರು. ಹನ್ನೆರಡನೇ ದಿನದ ಹೊತ್ತಿಗೆ ಫೋನು ಮೆಕ್ಯಾನಿಕ್ಕರ ಮನೆಗೆ ಹೋಗತೊಡಗಿತು. ಲಿಫ್ಟಕ್ಕ ಮೊದಲ ಸಲ ಬಚ್ಚಲುಮನೆಯಲ್ಲಿ ಹಾಡು ಹೇಳಿದರಂತೆ. "ಫೋನೇ ವಾಸಿ ಇತ್ತು" ಅಂದರು ಅತ್ತೆ.

ಒಂದನೇ ತಾರೀಕು ಗ್ರಂಥಾಲಯಕ್ಕೆ ಹೋದರು. ಕೈ ನಡುಗುವುದು ತಿಂಗಳೊಪ್ಪತ್ತಿನಲ್ಲಿ ನಿಂತಿತು. ಶಾಲೆಯ ಗಂಟೆ ಹೊಡೆದಾಗ ಮಾತ್ರ ಒಮ್ಮೊಮ್ಮೆ "ಎಷ್ಟನೇ ಮಹಡಿ?" ಎಂದು ಬಾಯಿಗೆ ಬರುತ್ತದಂತೆ. ಕಂಪನಿಯಿಂದ ಇಲ್ಲಿಯವರೆಗೆ ಒಂದು ಕರೆಯೂ ಬಂದಿಲ್ಲ. ಹೋಗೋರು ಮಾತ್ರ ಬಂದಿದ್ದರು, ತಾರೀಕು ಹಾಕಿ ಪತ್ರ ಕೊಡುವುದು ಹೇಗೆ ಎಂದು ಕೇಳಲು.

ಇಷ್ಟೆಲ್ಲ ನೋಡಿದ ಮೇಲೆ ನನಗೂ ಒಂದು ಭಾರ ಇಳಿಸಬೇಕೆನ್ನಿಸಿತು. ಒಂಬತ್ತು ವರ್ಷದಿಂದ ನಾನು ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಗೌರವ ಉಪಾಧ್ಯಕ್ಷ. ನಾನು ಏಕಾಏಕಿ ಬಿಟ್ಟರೆ ಸಂಘದ ಗತಿಯೇನು ಎಂಬ ಚಿಂತೆ. ಮೆಟ್ಟಿಲಲ್ಲಿ ಕೈ ಬೀಸಿಕೊಂಡು ಬರುತ್ತಿದ್ದ ಲಿಫ್ಟಕ್ಕನನ್ನು ತಡೆದು, ಮುಖ ಗಂಭೀರ ಮಾಡಿಕೊಂಡು, "ನನ್ನಂಥವನು ಎಷ್ಟು ದಿನದ ನೋಟಿಸು ಕೊಟ್ಟರೆ ಸರಿ ಹೋಗುತ್ತೆ ಅಂತೀರಿ?" ಎಂದು ಕೇಳಿದೆ.

"ತಲೇಲಿರೋದನ್ನ ಬರೆದು ಕೊಡೋಕೆ ಎಷ್ಟು ಹೊತ್ತು ಬೇಕೋ ಅಷ್ಟು. ನಿಮಗೆ ಹತ್ತು ನಿಮಿಷ ಸಾಕು."