ಸದ್ದು ಮಾಡದ ರೋಗಿ

ಸುಟ್ಟಗಾಯದ ಡ್ರೆಸಿಂಗ್ ಕೋಣೆಯ ಹಿರಿಯ ನರ್ಸನ್ನು ಆಸ್ಪತ್ರೆಯಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ಡಾಕ್ಟರೂ ಸೇರಿ. ಇಪ್ಪತ್ತೇಳು ವರ್ಷ ಅದೇ ಕೋಣೆ. ಗಾಯಕ್ಕೆ ಅಂಟಿದ ಪಟ್ಟಿ ಬಿಡಿಸುವುದರಲ್ಲಿ ಅವಳದು ಎತ್ತಿದ ಕೈ. ಬೆಳಗ್ಗೆ ಕೈ ತೊಳೆದು ಕಣ್ಣು ಮುಚ್ಚಿ, ಇವತ್ತು ನನ್ನಿಂದ ಯಾರಿಗೂ ಹೆಚ್ಚು ನೋವಾಗದಿರಲಿ ಎಂದು ದೇವರನ್ನು ಕೇಳಿಕೊಂಡೇ ಮೊದಲ ರೋಗಿಯನ್ನು ಕರೆಯುವಳು. ಆಮೇಲೆ ಬಾಗಿಲ ಚಿಲಕ ಹಾಕುವಳು. ಅದು ಅವಳೇ ತಂದ ಕಟ್ಟಳೆ. ಹಿಂದೆಲ್ಲ ಬಾಗಿಲು ತೆರೆದೇ ಇದ್ದು, ಅರೆಬಟ್ಟೆಯಲ್ಲಿ ಕೂತ ಹೆಂಗಸರನ್ನು ಹೋಗಿಬರುವವರು ಇಣುಕುತ್ತಿದ್ದರು. ಮೇಲಿನವರೊಂದಿಗೆ ಜಗಳವಾಡಿ ಚಿಲಕ ಹಾಕಿಸಿದ್ದಳು. ರೋಗಿಯ ಮಾನ ಕಾಯುವುದೂ ಔಷಧವೇ ಎಂದು ತರಬೇತಿಗೆ ಬರುವ ಹುಡುಗಿಯರಿಗೆ ಹೇಳುವಳು.

ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಎರಡೂ ಕೈ ಸುಟ್ಟುಕೊಂಡ ಹೆಂಗಸೊಬ್ಬಳು ದಿನ ಬಿಟ್ಟು ದಿನ ಡ್ರೆಸಿಂಗಿಗೆ ಬರುತ್ತಿದ್ದಳು. ವಯಸ್ಸು ಮೂವತ್ತರ ಆಸುಪಾಸು. ಉಳಿದವರು ಪಟ್ಟಿಗೆ ಕೈ ಹಾಕುವ ಮೊದಲೇ ಊರಿಗೆಲ್ಲ ಕೇಳುವಂತೆ ಕೂಗಿದರೆ, ಇವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಗೋಡೆ ನೋಡುವಳು. ಎತ್ತು ಎಂದರೆ ಕೈ ಎತ್ತುವಳು, ಇಳಿಸು ಎನ್ನುವ ತನಕ ಹಾಗೇ ಹಿಡಿದಿರುವಳು.

ದೊಡ್ಡಕ್ಕನಿಗೆ ಇಂಥ ರೋಗಿ ಸಿಕ್ಕಿದ್ದೇ ಒಂದು ಸಂಭ್ರಮ. ತರಬೇತಿಯ ಹುಡುಗಿಯರನ್ನು ಅವಳ ಸುತ್ತ ನಿಲ್ಲಿಸಿಕೊಂಡು ಕೆಲಸ ಕಲಿಸತೊಡಗಿದಳು.

"ನೋಡ್ರೇ, ಧೈರ್ಯ ಅಂದ್ರೆ ಇದು. ಆ ಮೀಸೆ ಮಾವ ಇದಾರಲ್ಲ, ಹತ್ತಿ ಕಂಡ್ರೇ ಸಾಕು, ಸತ್ನಲ್ಲಪ್ಪೋ ಅಂತಾರೆ."

ಹುಡುಗಿಯರು ಕಿಸಕ್ಕನೆ ನಕ್ಕರು. ಕುರ್ಚಿಯಲ್ಲಿದ್ದವಳು ನಗಲಿಲ್ಲ. ಅಂದು ಅವಳು ಎದ್ದುಹೋದ ಮೇಲೆ ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು. ಗಾಯ ತೊಳೆಯುವ ನೀರು ಚೆಲ್ಲಿರಬೇಕೆಂದು ದೊಡ್ಡಕ್ಕ ಒಬ್ಬ ಹುಡುಗಿಗೆ ಬೈದು ಒರೆಸಿಸಿದಳು.

ಆ ದಿನಗಳಲ್ಲೇ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಆಪ್ತ ಸಮಾಲೋಚಕಿ ಶನಿವಾರ ಮಧ್ಯಾಹ್ನ ಸಿಬ್ಬಂದಿಗೆ ಪಾಠ ಇಟ್ಟುಕೊಂಡಿದ್ದಳು. ದೊಡ್ಡ ಆಘಾತ ದಾಟಿ ಬಂದವರ ಮನಸ್ಸಿನಲ್ಲಿ ಆ ಗಳಿಗೆ ಮುಗಿದಿರುವುದಿಲ್ಲ, ಒಂದು ಸದ್ದು, ಒಂದು ವಾಸನೆ ಸಾಕು, ಅವರು ಮತ್ತೆ ಅಲ್ಲೇ ಇರುತ್ತಾರೆ ಎಂದೆಲ್ಲ ಹೇಳುತ್ತಿದ್ದಳು. ದೊಡ್ಡಕ್ಕ ಹಾಜರಿಗೆ ಸಹಿ ಹಾಕಿ, ಹಿಂದಿನ ಸಾಲಿನಲ್ಲಿ ಹತ್ತಿಯುಂಡೆ ಮಾಡುತ್ತಾ ಕೂರುವಳು. ಮಾತಿನಲ್ಲೇ ಗಾಯ ಮಾಯುವುದಾದರೆ ನಾವ್ಯಾಕೆ ಬೇಕು ಎಂದು ಪಕ್ಕದವಳ ಕಿವಿ ಕಚ್ಚುವಳು.

ಆಮೇಲೆ ಹೊಲಿಗೆಯವಳು ಬರುವುದು ನಿಂತಿತು. ಐದು ದಿನವಾಯಿತು. ಬೆರಳ ಸಂದಿನ ಹೊಸ ಚರ್ಮ ಒಂದಕ್ಕೊಂದು ಅಂಟಿದರೆ ಮತ್ತೆ ಸೂಜಿ ಹಿಡಿಯುವ ಮಾತೇ ಇಲ್ಲ. ಆರನೆಯ ದಿನ ಬಂದದ್ದು ಅವಳ ಅಕ್ಕ, ಒಬ್ಬಳೇ. ಮನೆಯಲ್ಲೇ ಹಚ್ಚಲು ಮುಲಾಮು ಕೊಡಿ ಎಂದಳು. ದೊಡ್ಡಕ್ಕ ರೇಗಿದಳು. ಅಷ್ಟು ಗಟ್ಟಿಗಿತ್ತಿಗೆ ಈಗೇನು ಬಂತು ಎಂದು ಕೇಳಿದಳು.

"ಗಟ್ಟಿಗಿತ್ತೀನಾ? ಇಲ್ಲಿ ಚಿಲಕ ಬೀಳ್ತಿದ್ದ ಹಾಗೆ ಅವಳಿಗೆ ಮಾತೆಲ್ಲ ಎಲ್ಲೋ ದೂರದಿಂದ ಕೇಳಿಸುತ್ತಂತೆ. ಮೈಯೆಲ್ಲ ಮರಗಟ್ಟುತ್ತಂತೆ. ಮನೆಗೆ ಬಂದು ಎರಡು ದಿನ ಮಾತಾಡಲ್ಲ. ಅವತ್ತು ಆ ಹುಡುಗೀರು ನಗ್ತಿದ್ದಾಗ ಕೂತಲ್ಲೇ ಒದ್ದೆ ಮಾಡ್ಕೊಂಡ್ಲು. ಸತ್ರೂ ಬರಲ್ಲ ಅಂತಾಳೆ," ಎಂದಳು ಅಕ್ಕ.

ಕೆಲಸದವರು ಎದ್ದು ಹೋಗದಿರಲೆಂದು ಕಾರ್ಖಾನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ. ಕಾದ ಕಬ್ಬಿಣದ ಬಾಗಿಲನ್ನು ಬಡಿದು ಬಡಿದೇ ಕೈ ಹಾಗಾದದ್ದು.

ಅಕ್ಕ ಹೋದ ಮೇಲೆ ದೊಡ್ಡಕ್ಕ ಕೇಸ್ ಶೀಟ್ ತೆಗೆದಳು. ಮೊದಲ ಪುಟದಲ್ಲೇ ಎಲ್ಲ ಬರೆದಿತ್ತು. ಅವಳು ದಿನವೂ ಔಷಧದ ಪುಟವನ್ನಷ್ಟೇ ತಿರುವಿದ್ದಳು. ಆ ಒದ್ದೆ ನೆಲ ನೆನಪಾಗಿ ಮುಖ ಕಾದು ಕೆಂಪಾಯಿತು. ಹುಡುಗಿಯರು ಪಕ್ಕದಲ್ಲೇ ಪಟ್ಟಿ ಸುತ್ತುತ್ತಿದ್ದರು. ತಲೆ ಎತ್ತಿ ಅವರನ್ನು ನೋಡಲಾಗಲಿಲ್ಲ.

ಸಮಾಲೋಚಕಿಯ ಕೋಣೆಯ ಮುಂದೆ ಎರಡು ಸಲ ಹೋಗಿ ಹಿಂದಿರುಗಿ, ಮೂರನೆಯ ಸಲ ಒಳಗೆ ಹೋದಳು. ಮಗಳ ವಯಸ್ಸಿನವಳ ಮುಂದೆ ಎಲ್ಲ ಹೇಳಿದಳು. ಪಾಠ ಕೇಳದೆ ಹಿಂದೆ ಕೂತು ಆಡಿಕೊಂಡದ್ದನ್ನೂ ಬಿಡಲಿಲ್ಲ. ಸಮಾಲೋಚಕಿ ಬೈಯಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು. ಎಲ್ಲಿ ಕೂರುತ್ತೀಯ ಎಂದು ಆ ರೋಗಿಯನ್ನೇ ಕೇಳಿರಿ, ಮುಟ್ಟುವ ಮೊದಲು ಹೇಳಿರಿ, ಸಾಕೆಂದಾಗ ನಿಲ್ಲಿಸಿರಿ ಎಂದಳು. ಕೊನೆಗೆ ಮೆಲ್ಲಗೆ, "ಕ್ಷಮಿಸ್ತಾಳೆ ಅಂತ ಮಾತ್ರ ಹೋಗ್ಬೇಡಿ ದೊಡ್ಡಕ್ಕ. ಅವಳ ಕೈಗೋಸ್ಕರ ಹೋಗಿ," ಎಂದಳು.

ಸಂಜೆ ದೊಡ್ಡಕ್ಕ ಅವರ ಮನೆಗೆ ಹೋದಳು. ಒಂದೇ ಕೋಣೆ; ಬಚ್ಚಲಿನ ಬಾಗಿಲನ್ನೇ ಕಳಚಿ ಸೀರೆ ಇಳಿಬಿಟ್ಟಿದ್ದರು. ಹೊಲಿಗೆಯವಳು ಹೊಸ್ತಿಲ ಬಳಿ ಕೂತಿದ್ದಳು. ಕೂರಿ ಎನ್ನಲಿಲ್ಲ. ದೊಡ್ಡಕ್ಕ ನಿಂತೇ ಹೇಳಿದಳು.

"ತಪ್ಪು ನಂದು ಕಣಮ್ಮ. ಫೈಲಲ್ಲಿ ಬರೆದಿತ್ತು, ನಾನು ಓದ್ಲಿಲ್ಲ. ಬಾಗಿಲು ತೆಗೆದೇ ಇರುತ್ತೆ. ಪರದೆ ಕಟ್ತೀನಿ. ನೀನು ನಿಲ್ಸು ಅಂದಲ್ಲಿ ನಿಲ್ಲಿಸ್ತೀನಿ."

ಅವಳು ಬೀದಿಯ ಕಡೆಯೇ ನೋಡುತ್ತಿದ್ದಳು. ಅಕ್ಕ ಮಾತ್ರ, ನೋಡೋಣ ಎಂದಳು.

ಮರುದಿನ ಬೆಳಗ್ಗೆ ದೊಡ್ಡಕ್ಕ ಕೈ ತೊಳೆದು ಕಣ್ಣು ಮುಚ್ಚಿದರೆ ಕೇಳಿಕೊಳ್ಳುವ ಮಾತೇ ನಾಲಿಗೆಗೆ ಬರಲಿಲ್ಲ. ಹನ್ನೊಂದು ಗಂಟೆಗೆ ಅಕ್ಕತಂಗಿಯರು ಬಂದರು. ಹುಡುಗಿಯರು ಎಂದಿನಂತೆ ಮೂಲೆಯಲ್ಲಿ ಪಟ್ಟಿ ಸುತ್ತುತ್ತಿದ್ದರು. ತಂಗಿ ತಾನೇ ಕುರ್ಚಿಯನ್ನು ಕಾಲಿನಿಂದ ತಳ್ಳಿ ಪರದೆ ಕಟ್ಟಿದ ತೆರೆದ ಬಾಗಿಲ ಬಳಿ ಹಾಕಿಕೊಂಡಳು. ದೊಡ್ಡಕ್ಕ ಒಂದೊಂದು ಸುತ್ತಿಗೂ ಹೇಳಿ ಬಿಚ್ಚಿದಳು. ಮೂರನೆಯ ಸುತ್ತಿಗೆ ಅವಳು ನಿಲ್ಸಿ ಎಂದಳು. ಅರ್ಧ ಕಿತ್ತ ಪಟ್ಟಿ ಹಿಡಿದು ಸುಮ್ಮನೆ ಕೂರುವುದು ದೊಡ್ಡಕ್ಕನ ಕೈಗೆ ಗೊತ್ತೇ ಇರಲಿಲ್ಲ. ಹೊರಗೆ ಸಾಲು ಬೆಳೆಯಿತು. ಇವತ್ತೇ ನನ್ನ ಸರದಿ ಬರುತ್ತಾ, ನಾಳೆ ಊಟ ಕಟ್ಕೊಂಡು ಬರ್ಲಾ ಎಂದು ಮೀಸೆ ಮಾವ ಗೊಣಗಿದರು.

ಬೆರಳ ಸಂದಿಗೆ ಬಂದಾಗ ಅವಳು ಮೊದಲ ಬಾರಿಗೆ ಕಿರುಚಿದಳು. ಕಾರಿಡಾರಿಗೆಲ್ಲ ಕೇಳಿಸಿತು. ಇಷ್ಟು ದಿನವೂ ಇಷ್ಟೇ ನೋವಿತ್ತಲ್ಲ ಎಂದು ದೊಡ್ಡಕ್ಕ ತಲೆ ತಗ್ಗಿಸಿದಳು. ಎಡಗೈ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಎರಡು ಬೆರಳು ಆಗಲೇ ಅಂಟತೊಡಗಿದ್ದವು, ಬಿಡಿಸಿದಳು. ಬಲಗೈ ಬಾಕಿಯಿತ್ತು.

"ಇವತ್ತಿಗೆ ಸಾಕು," ಎಂದಳು ಅವಳು.

ಇನ್ನು ಐದೇ ನಿಮಿಷ ಎನ್ನುವ ಮಾತು ತುದಿ ನಾಲಿಗೆಗೆ ಬಂದಿತ್ತು. ದೊಡ್ಡಕ್ಕ ಅದನ್ನು ನುಂಗಿಕೊಂಡು, ಆಯಿತು, ಆದರೆ ಬಲಗೈ ನಾಳೆಗಿಂತ ತಡವಾಗಬಾರದು ಎಂದಷ್ಟೇ ಹೇಳಿದಳು.

ಅವಳು ಬಾಗಿಲು ದಾಟಿ, ಕಾರಿಡಾರಿನಲ್ಲಿ ನಿಂತು, ಮೊದಲ ಸಲ ದೊಡ್ಡಕ್ಕನ ಮುಖ ನೋಡಿದಳು.

"ಬರ್ತೀನಿ. ಆದ್ರೆ ಆ ಹುಡುಗೀರು ಇರಬಾರದು."

"ಇರಲ್ಲ," ಎಂದಳು ದೊಡ್ಡಕ್ಕ. ಹಾಗೆಂದವಳ ಕಣ್ಣು ನೆಲದ ಮೇಲೆಯೇ ಇತ್ತು.