ಎರಡು ಮನಿಗೊಂದು ನೆಟ್ಟು

ನನ್ನ ಕಾಕಾನ ಮಗನನ್ನು ದಿನಾ ಸಂಜೆ ನಾನು ಕೊಲ್ಲುತ್ತಿದ್ದೆ. ಕೊಲ್ಲುತ್ತಿದ್ದೆ ಅನ್ನುವುದು ಬಡಾಯಿ. ಹೆಚ್ಚಿನ ದಿನ ಸಾಯುತ್ತಿದ್ದವನು ನಾನೇ. ಬಂದೂಕಿನ ಆಟ ಅದು, ಆನ್‌ಲೈನ್. ಅವನು ಟಿವಿಗೆ ಕನ್ಸೋಲ್ ಹಚ್ಚಿಕೊಂಡು ಕೂರುತ್ತಿದ್ದ, ನಾನು ಲ್ಯಾಪ್‌ಟಾಪ್ ಮುಂದೆ. ನಡುವೆ ಒಂದು ಮಣ್ಣಿನ ಗೋಡೆ.

ಬೈಲಹೊಂಗಲ ತಾಲೂಕಿನ ನಮ್ಮ ಊರಲ್ಲಿ ಆ ಗೋಡೆಯ ಎರಡೂ ಕಡೆ ಒಂದೇ ಮನೆತನ. ಹೊಲದ ಬದುವಿಗಾಗಿ ಅಪ್ಪ ಮತ್ತು ಕಾಕಾ ಬಡಿಗೆ ಹಿಡಿದು ಬಡಿದಾಡಿದ್ದರು. ಅಪ್ಪ ಸ್ವಂತ ತಮ್ಮನ ತಲೆ ಒಡೆದ. "ಇದನ್ನ ಮರಿಯಾಂವಲ್ಲ ನಾ. ಒಂದಿನ ಹೆಣಾ ಬೀಳತೈತಿ" ಎಂದು ಕಾಕಾ ನೆತ್ತರು ಸುರಿಸುತ್ತ ಓಣಿಯಲ್ಲಿ ಕೂಗಿದ್ದನ್ನು ಊರೇ ಕೇಳಿದೆ. ಆಮೇಲೆ ಎಮ್ಮೆ ಹಂಚಿದರು, ಹಂಡೆ ಹಂಚಿದರು. ಅಪ್ಪ ನಮಗೆಲ್ಲ ಆಣೆ ಹಾಕಿದ: "ಆ ಮನಿ ನೀರ ಮುಟ್ಟಬ್ಯಾಡ್ರಿ. ನೀರ ಕುಡದ ಮನಿಗೆ ಬಡಿಗಿ ಎತ್ತಾಕ ಬರಾಂಗಿಲ್ಲ." ಬಡಿಗೆ ಎತ್ತುವ ಹಕ್ಕು ಅವನಿಗೆ ಅಷ್ಟು ಬೇಕಾಗಿತ್ತು.

ಇಂಟರ್‌ನೆಟ್ಟನ್ನು ಮಾತ್ರ ಯಾರೂ ಹಂಚಲಿಲ್ಲ. ಅದು ಎರಡೂ ಮನೆಗೆ ಹೋಗುತ್ತದೆಂದು ಹಿರಿಯರಿಗೆ ಗೊತ್ತೇ ಇರಲಿಲ್ಲ. ನೆಟ್ಟಿನ ಡಬ್ಬಿ ಕಾಕಾನ ಪಡಸಾಲೆಯಲ್ಲಿತ್ತು, ಅವನ ಮಗ ಅದಕ್ಕೇ ವಾಯರ್ ಚುಚ್ಚಿಕೊಂಡಿದ್ದ. ನನಗೆ ಬರುತ್ತಿದ್ದದ್ದು ಗೋಡೆ ದಾಟಿ ತೇಕುತ್ತ ಬಂದ ವೈಫೈ.

ಹಿರಿಯರಿಗೆ ಕೇಳಬಾರದೆಂದು ಹೆಡ್‌ಫೋನ್ ಹಾಕಿಕೊಂಡು ಪಿಸುದನಿಯಲ್ಲೇ ಬೈದಾಡುತ್ತಿದ್ದೆವು. "ಸತ್ತೆಲ್ಲೋ ಮಗನ" ಎಂಬ ಅವನ ಮಾತು ನಾನು ಸತ್ತು ಎಷ್ಟೋ ಹೊತ್ತಿನ ಮೇಲೆ ಬರುತ್ತಿತ್ತು. ಮೊದಲು ಗುಂಡು ಹಾರಿಸಿದವನು ನಾನು, ನೆತ್ತರಲ್ಲಿ ಬಿದ್ದವನೂ ನಾನೇ.

"ನಿನ್ನ ಕನ್ಸೋಲ್ ತಾನ ಗುರಿ ಹಿಡದ ಕೊಡತೈತಿ" ಅಂದರೆ, "ಕೈಯಾಗ ಮೌಸ್ ಇದ್ದೂ ಸಾಯತಿ. ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಅನ್ನುತ್ತಿದ್ದ. ಮೈ ಉರಿಯುತ್ತಿತ್ತು. ಅವನ ಕಡೆಯಿಂದ ಬೈಸಿಕೊಳ್ಳದೆ ಮಲಗಿದ ದಿನ ಮಾತ್ರ ಇನ್ನೂ ಕೆಟ್ಟ ಅನಿಸುತ್ತಿತ್ತು. ನನ್ನ ಜೊತೆ ಬೆಳೆದವನು ಅವನೊಬ್ಬನೇ.

ಒಂದು ಮಧ್ಯಾಹ್ನ ಕಾಕಾ ಸವದತ್ತಿಗೆ ಹೋಗಿದ್ದ, ಅಪ್ಪ ಹೊಲದಲ್ಲಿದ್ದ. "ಬಾ, ಕನ್ಸೋಲ್ ದೊಡ್ಡದೋ ಕಂಪ್ಯೂಟರ್ ದೊಡ್ಡದೋ ನೋಡೇ ಬಿಡೂಣು" ಎಂದು ಅವನೇ ಕರೆದ. ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಆ ಹೊಸ್ತಿಲು ದಾಟಿದೆ. ಇಬ್ಬರೂ ಡಬ್ಬಿಗೆ ವಾಯರ್ ಚುಚ್ಚಿದೆವು. ಕೊಂದೆ. ಮತ್ತೆ ಕೊಂದೆ. ಅವನ ವಾಯರ್ ಕಿತ್ತು ವೈಫೈ ಮೇಲೆ ಆಡಿ ನೋಡಿದೆವು; ಅವನು ಬಂದೂಕು ಎತ್ತುವ ಮೊದಲೇ ಸತ್ತ. ಕನ್ಸೋಲೂ ಅಲ್ಲ, ಮೌಸೂ ಅಲ್ಲ, ಇಷ್ಟು ದಿನ ಗೆದ್ದದ್ದು ಆ ವಾಯರ್. ನಾನು ಜೋರಾಗಿ ನಕ್ಕೆ. ಅವನು ಕೈಯಲ್ಲಿದ್ದ ಕಂಟ್ರೋಲರ್ ಬೀಸಿ ನನ್ನ ಬಾಯಿಗೆ ಹೊಡೆದ.

ತುಟಿ ಸೀಳಿತು. ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದೆ. "ನಿಮ್ಮಪ್ಪ ನಮ್ಮಪ್ಪನ ತಲಿ ಒಡದಾನ!" ಎಂದು ಪಕ್ಕೆಗೆ ಗುದ್ದಿದ. ಆಟದ ಸಿಟ್ಟು ಎಲ್ಲಿ ಮುಗಿದು ಬದುವಿನ ಸಿಟ್ಟು ಎಲ್ಲಿ ಶುರುವಾಯಿತೋ, ಇಬ್ಬರಿಗೂ ತಿಳಿಯಲಿಲ್ಲ. ಕಾಕಿ ಓಡಿ ಬಂದು ಬಿಡಿಸಿ, ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟಳು. ಬಾಯಿ ಮುಕ್ಕಳಿಸಿ ಅಂಗಳಕ್ಕೆ ಉಗುಳಿದೆ. ಒಂದು ಹನಿಯೂ ನುಂಗಲಿಲ್ಲ, ಅಪ್ಪನ ಆಣೆ ಇತ್ತಲ್ಲ.

ಅಷ್ಟರಲ್ಲಿ ಕಾಕಾ ಬಂದ. "ಇಂವಾ ಯಾಕ ಬಂದಾನ ಇಲ್ಲಿ?" ಎಂದು ಗುಡುಗಿದ. ಮಗ ಎಲ್ಲ ಒದರಿಬಿಟ್ಟ. ಎರಡೂ ಮನೆಗೆ ಒಂದೇ ಲೈನು ಎಂದು ಕೇಳಿದ್ದೇ ತಡ, ಕಾಕಾ ಕುಡಗೋಲು ಎಳೆದುಕೊಂಡು ಬಾಗಿಲ ಮೇಲಿನ ನೆಟ್ಟಿನ ವಾಯರನ್ನು ಕೊಯ್ದು ಹಾಕಿದ. "ಹೋಗಿ ನಿಮ್ಮಪ್ಪಗ ಹೇಳು, ಇನ್ನ ಉಳದದ್ದು ಅವನ ಕುತಗಿ ಒಂದ."

ನಾನು ಹೇಳುವುದೇ ಬೇಕಾಗಲಿಲ್ಲ. ಹೊಲದಿಂದ ಬಂದ ಅಪ್ಪ ನನ್ನ ಅಂಗಿಯ ಮೇಲಿನ ನೆತ್ತರು ನೋಡಿ ಮೂಲೆಯ ಬಡಿಗೆ ತೆಗೆದುಕೊಂಡ. ಅವ್ವ ಕಾಲು ಹಿಡಿದಳು. ಅವಳನ್ನು ಎಳೆದುಕೊಂಡೇ ನಡೆದ. ಆಚೆ ಕಾಕಾ ಕುಡಗೋಲು ಇನ್ನೂ ಕೆಳಗಿಟ್ಟಿರಲಿಲ್ಲ. ಇವತ್ತು ಇಬ್ಬರಲ್ಲಿ ಒಬ್ಬ ಸಾಯುತ್ತಾನೆ ಅನಿಸಿತು.

"ಅಪ್ಪಾ, ನಾ ಆ ಮನಿ ನೀರ ಕುಡದೇನಿ."

ಅಪ್ಪ ನಿಂತ. "ಖರೇನ?"

"ಖರೇನ. ಕಾಕಿ ಕೊಟ್ಲು, ಕುಡದೆ."

ಎತ್ತಿದ ಬಡಿಗೆ ಎಲ್ಲಾದರೂ ಇಳಿಯಲೇಬೇಕಿತ್ತು. ನನ್ನ ಬೆನ್ನ ಮೇಲೆ ಇಳಿಯಿತು. ಮತ್ತೆ ಇಳಿಯಿತು. ನಾನು ಓಡಲಿಲ್ಲ. ಹಲ್ಲು ಕಚ್ಚಿಕೊಂಡರೂ ಕೂಗು ಹೊರಬಿತ್ತು.

ಆಗ ಗೋಡೆಯಾಚೆಯಿಂದ ಕಾಕಾನ ಮಗ ಇಡೀ ಓಣಿಗೆ ಕೇಳುವ ಹಾಗೆ ಒದರಿದ: "ದೊಡ್ಡಪ್ಪಾ, ಸಾಕ ಮಾಡ್ರಿ! ಸಾಯತಾನ ಅಂವಾ!"

ಯಾವಾಗಲೂ ತಡವಾಗಿ ಬರುತ್ತಿದ್ದ ಆ ದನಿ ಈ ಸಲ ತಡಮಾಡಲಿಲ್ಲ. ಅಪ್ಪನ ಕೈ ಅರ್ಧಕ್ಕೇ ನಿಂತಿತು. ಅವನನ್ನು ಯಾರಾದರೂ ದೊಡ್ಡಪ್ಪಾ ಎಂದು ಕರೆದು ಬಹಳ ದಿನವಾಗಿತ್ತು.