ಮರುನುಡಿ ಬಾರದ ಹೊತ್ತು

ತೈಲಾಗಾರದ ಗೇಟಿನಲ್ಲಿ ಬೆಂಕಿಪೊಟ್ಟಣ ಕಿತ್ತಿಟ್ಟುಕೊಳ್ಳುತ್ತಾರೆ. ಹೊಟ್ಟೆಯೊಳಗಿನ ಕಿಚ್ಚನ್ನು ತಡವಿ ನೋಡುವವರಿಲ್ಲ. ಪ್ರತಿಯೊಂದು ತೈಲಕ್ಕೂ ಹೊತ್ತಿಕೊಳ್ಳುವ ಉಷ್ಣಾಂಶವೊಂದಿದೆ. ಮತ್ಸರಕ್ಕೆ ಅದನ್ನು ಯಾರೂ ಅಳೆದಿಲ್ಲ. ಹಾಗಾಗಿ ಅಲ್ಲಿನ ಒಬ್ಬ ಹಿರಿಯ ಆಪರೇಟರ್ ತನ್ನ ಕಿಚ್ಚನ್ನು ದಿನವೂ ನಿರಾತಂಕವಾಗಿ ಒಳಗೆ ಒಯ್ಯುತ್ತಿದ್ದ.

ಅವನದು ಹೊರಗಿನ ಕೆಲಸ: ಬಿಸಿಲಲ್ಲಿ ಪೈಪುಗಳ ನಡುವೆ ಅಡ್ಡಾಡಿ ವಾಲ್ವ್ ತಿರುಗಿಸುವುದು. ಅವನ ಷಡ್ಡಕ, ಅಂದರೆ ನಾದಿನಿಯ ಗಂಡ, ವಯಸ್ಸಿನಲ್ಲೂ ಸೇವೆಯಲ್ಲೂ ಕಿರಿಯ. ಆದರೆ ಕಂಟ್ರೋಲ್ ರೂಮಿನ ತಂಪಿನಲ್ಲಿ ಕುಳಿತು ರೇಡಿಯೊದಲ್ಲಿ ಆಜ್ಞೆ ಕೊಡುವವನು. ಕೇಳಿದ ಆಜ್ಞೆಯನ್ನು ಹೊರಗಿನವನು ಅಕ್ಷರ ಬಿಡದೆ ತಿರುಗಿ ಹೇಳಬೇಕು. ಮರುನುಡಿ ಬಾರದೆ ಆಜ್ಞೆ ಊರ್ಜಿತವಲ್ಲ. ತಪ್ಪು ಹಿಡಿಯಲೆಂದೇ ಮಾಡಿದ ಈ ನಿಯಮ, ದಿನವಿಡೀ ಷಡ್ಡಕನ ಮಾತಿಗೆ ತಾಳ ಹಾಕುವ ಶಿಕ್ಷೆಯೆಂದು ಅವನಿಗೆ ಅನ್ನಿಸುತ್ತಿತ್ತು. ಚಾಳಿ ಮನೆಗೂ ಅಂಟಿತ್ತು.

“ಹಾಲು ಉಕ್ಕತ್ತೆ, ನೋಡ್ರೀ.”

“ಹಾಲು ಉಕ್ಕತ್ತೆ, ನೋಡ್ತೀನಿ.”

“ಗಿಳಿ ಸಾಕಿದ್ರೂ ಇಷ್ಟು ಒಪ್ಪಿಸ್ತಿರ್ಲಿಲ್ಲ,” ಎಂದು ಹೆಂಡತಿ ನಗುತ್ತಿದ್ದಳು.

ಆ ಸೀಮೆಯಲ್ಲಿ ಆಪರೇಟರುಗಳ ಕಾಲ ಮುಗಿಯುತ್ತ ಬಂದಿತ್ತು. ನಿವೃತ್ತನಾದವನ ಜಾಗಕ್ಕೆ ಇನ್ನೊಬ್ಬ ಬರುತ್ತಿರಲಿಲ್ಲ. ಅವನ ಕೆಲಸವನ್ನು ಕಂಪ್ಯೂಟರ್ ಪರದೆ ನುಂಗುತ್ತಿತ್ತು. ನದಿಯಾಚೆ ಏಳುತ್ತಿದ್ದ ರಾಸಾಯನಿಕ ಘಟಕವೊಂದೇ ಆಸೆ. ಅದೂ ಈ ಪಾಳಿಯಿಂದ ಒಬ್ಬನನ್ನು ಮಾತ್ರ ಕರೆಯಲಿತ್ತು. ಷಡ್ಡಕರಿಬ್ಬರೂ ಅರ್ಜಿ ಹಾಕಿದ್ದರು. ಉಳಿದವನಿಗೆ ಮುಚ್ಚಲಿರುವ ಹಳೆಯ ಘಟಕವೇ ಗತಿ.

ಆ ವಾರವೇ ಒಂದು ಮಧ್ಯಾಹ್ನ ರೇಡಿಯೊ ಗೊರಗುಟ್ಟಿತು: “ಮೂರನೇ ಟ್ಯಾಂಕಿಗೆ ಎಣ್ಣೆ ಬಿಡೋ ವಾಲ್ವ್ ತೆಗೀರಿ.”

ಮೂರನೆಯದು ಬೆಳಿಗ್ಗೆಯೇ ಕಂಠಮಟ್ಟ ತುಂಬಿತ್ತು, ಹೇಳಬೇಕಾಗಿದ್ದದ್ದು ಎರಡನೆಯದನ್ನು. ತಿರುಗಿ ಹೇಳಿ ವಾಲ್ವ್ ತೆಗೆದರೆ ಎಣ್ಣೆ ನೆಲಕ್ಕೆ, ಅಪವಾದ ಷಡ್ಡಕನಿಗೆ, ನದಿಯಾಚೆಯ ಕುರ್ಚಿ ತನಗೆ. “ಮೂರನೇ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕೈ ಮಾತ್ರ ವಾಲ್ವಿನ ಚಕ್ರವನ್ನು ಮುಟ್ಟಲೊಲ್ಲದು. ತಪ್ಪೆಂದು ತಿದ್ದೋಣವೆಂದರೆ ಬಾಯಿಯೂ ಒಲ್ಲದು. ಸುಮ್ಮನೆ ನಿಂತ.

ಮರುನುಡಿ ಬಾರದ್ದನ್ನು ಕಂಡು ಷಡ್ಡಕ ಪರದೆಯನ್ನು ಮತ್ತೆ ನೋಡಿದ. “ತಡೀರಿ, ತಡೀರಿ! ಎರಡನೇದು!”

ಊಟದ ಹೊತ್ತಿಗೆ ಅವನು ಹುಡುಕಿಕೊಂಡು ಬಂದು ಕೈ ಹಿಡಿದ. “ಅಣ್ಣ, ಎಲ್ಲರ ಕಿವಿಗೂ ಬೀಳೋ ಹಾಗೆ ತಪ್ಪು ಅನ್ನದೆ ಸೂಕ್ಷ್ಮವಾಗಿ ಎಚ್ಚರಿಸಿದ್ರಿ. ಬೇರೆಯವನಾಗಿದ್ರೆ ನನ್ನ ಮಾನ ಹರಾಜು ಹಾಕ್ತಿದ್ದ.”

“ಹರಾಜು ಹಾಕ್ತಿದ್ದ,” ಎಂದು ಹಿರಿಯನ ಬಾಯಿ ತಾನಾಗಿ ಒಪ್ಪಿಸಿತು.

ಸಂದೇಹ ಬಂದೊಡನೆ ತನ್ನ ಆಜ್ಞೆಯನ್ನೇ ತಡೆದ ಜಾಣನೆಂದು ಮೇಲ್ವಿಚಾರಕ ಷಡ್ಡಕನನ್ನು ಹೊಗಳಿದ. ಶಿಫಾರಸೂ ಅವನ ಕಡೆಗೇ ಹೋಯಿತು.

ಸುದ್ದಿ ಅವನಿಗಿಂತ ಮೊದಲೇ ಅವನ ಮನೆಯ ಅಡುಗೆಮನೆಗೆ ಮುಟ್ಟಿತ್ತು. “ನದಿಯಾಚೆ ಕೆಲಸ ಅವರಿಗೇ ಸಿಕ್ತಂತೆ ಕಣ್ರೀ.”

“ಅವರಿಗೇ ಸಿಕ್ತು.”

“ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ ಅಂತ ಅಂದ್ರಂತೆ.”

ಅವನು ಬೂಟಿನ ದಾರ ಬಿಚ್ಚುತ್ತ ಬಗ್ಗಿಯೇ ಇದ್ದ.

“ಯಾಕ್ರೀ, ರೇಡಿಯೊ ಕೆಟ್ಟೋಯ್ತಾ?” ಎಂದಳು ಅವಳು.